ಸೂಜಿ ಚುಚ್ಚಿದ ರಷ್ಯದ ಪುಸ್ತಕ

೧೯೫೨ರ ಸುಮಾರಿಗೆ ಒಂದು ದಿನ ಜಮಖಂಡಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕಕ್ಕೆ ಡ್ರಾಯಿಂಗ್ ಮಾಸ್ತರ ಗುರುರಾಜರೂ ಬನಹಟ್ಟಿಯ ನೇಕಾರ ಚನಮಲ್ಲಪ್ಪನೂ ಕೂತಿದ್ದರು. ಬರೀ ಚೌಕ-ವರ್ತುಲಗಳ, ರಷ್ಯದ ಹೊಸ ರೀತಿಯ ಚಿತ್ರಪುಸ್ತಕಗಳ ಮೊದಲ ಮುದ್ರಣ ಹುಡುಕಿ ಕೂಡಿಡುವುದು ಮಾಸ್ತರರ ಹುಚ್ಚು. ಅಂಥದೊಂದನ್ನು ಸೆರಗಿನ ನಮೂನೆಗೆಂದು ಒಯ್ದಿದ್ದ ಚನಮಲ್ಲಪ್ಪ ಅಂದು ತಿರುಗಿ ತಂದಿದ್ದ.

“ಹಾಳಿ ತುಂಬ ಇವೇನೋ ತೂತು?” ಪುಸ್ತಕ ತೆರೆದ ಮಾಸ್ತರರು ಕೇಳಿದರು.

“ಸೂಜೀವರಿ. ಗೆರಿಗುಂಟ ಚುಚ್ಚಿ ಇದ್ದಲಪುಡಿ ಒರೆಸಿದ್ರ ನಮೂನಿ ಕೆಳಗಿನ ಕಾಗದಕ್ಕ ಇಳೀತೈತಿ. ನಮ್ಮಪ್ಪನೂ ಹಂಗ ಮಾಡತಿದ್ದ.”

“ಎಷ್ಟು ಹಾಳಿ ಚುಚ್ಚೀದಿ?”

“ಒಂದೂ ಬಿಟ್ಟಿಲ್ಲರಿ.”

“ಮೂವತ್ತು ವರ್ಷದ ಹಿಂದ ಮುನ್ನೂರೇ ಪ್ರತಿ ಅಚ್ಚಾಗಿದ್ವು, ಚನಮಲ್ಲಪ್ಪ. ಇದೊಂದು ಸಿಗಲಿಕ್ಕೆ ಎಂಟು ವರ್ಷ ಮುಂಬೈಯ ಹಳೇ ಪುಸ್ತಕದಂಗಡಿ ಎಲ್ಲಾ ಅಡ್ಡಾಡೀನಿ.”

“ನಂಗೊತ್ತಿಲ್ಲೇನ್ರಿ? ಅದಕ್ಕಂತನ ಜ್ವಾಕಿಂದ ಚುಚ್ಚೇನಿ. ಒಂದರ ಗೆರಿ ತಪ್ಪೇತೇನು, ನೋಡ್ರಿ.”

ಮಾಸ್ತರರು ಹಾಳೆಯನ್ನು ಬಿಸಿಲಿಗೆ ಹಿಡಿದರು. ಕೆಂಪು ಚೌಕ, ಕರಿ ವರ್ತುಲ, ಅಂಚಿನುದ್ದಕ್ಕೂ ಸಣ್ಣ ಬೆಳಕಿನ ಚುಕ್ಕೆಗಳು.

“ತಪ್ಪಿಲ್ಲ,” ಎಂದರು.

“ಮತ್ಯಾಕ ಮಾರಿ ಸಣ್ಣ ಮಾಡೀರಿ? ಮನಷ್ಯಾ ಇಲ್ಲ, ಗಿಡ ಇಲ್ಲ, ಬರೇ ಚೌಕ ಅಂತ ಓಣ್ಯಾಗ ಎಲ್ಲಾರೂ ನಕ್ರು. ಸೆರಗಿನ ಮ್ಯಾಲ ಇಳಿದಿಂದ ಬಾಯಿ ಮುಚ್ಚಿದ್ರು. ತಗೋರಿ, ಈ ನಮೂನಿದು ಮೊದಲನೇ ಸೀರಿ. ನಿಮ್ಮ ಮನ್ಯಾಗ ವೈನಿಯವರಿಗೇ ಅಂತ ಎತ್ತಿಟ್ಟಿದ್ದೆ.”

ಖರೆ ಹೇಳಬೇಕೆಂದರೆ ಆ ಸೆರಗು ಬಹಳ ಚೆಂದವಿತ್ತು. ಮಾಸ್ತರರು ಅದನ್ನು ಸವರಿದರು, ಬೈಯಲು ಬಾಯಿ ತೆರೆದವರು ಸೀರೆ ಮಡಚಿ ಕಂಕುಳಿಗೇರಿಸಿದರು.

ಬನಹಟ್ಟಿಯ ಬಸ್ಸು ಬಂತು. ಚನಮಲ್ಲಪ್ಪ ಹತ್ತಿ ಕಿಟಕಿಯಿಂದ ಕೂಗಿದ:

“ಇನ್ನೊಂದು ಪುಸ್ತಕ ಐತಿ ಅಂದಿದ್ರಲ್ಲ, ಮುಂದಿನ ಸಂತಿಗೆ ಅದನ್ನೂ ತರ್ರಿ!”

ಬಸ್ಸು ಹೊರಟಿತು. ಒಂದು ಕಂಕುಳಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೀರೆ ಇಟ್ಟುಕೊಂಡ ಮಾಸ್ತರರು ಆಗಲಿ ಎಂಬಂತೆ ತಲೆಯಾಡಿಸಿ ಮನೆಯ ದಾರಿ ಹಿಡಿದರು.