ರಬ್ಬರ್ ನಾಗ

ಆ ಕುಸ್ತಿ ಕಂಪನಿಯ ಚಾಂಪಿಯನ್ ಬೆಲ್ಟನ್ನು ಇದುವರೆಗೆ ಬಿಳಿಯರ ಸೊಂಟಕ್ಕೆ ಮಾತ್ರ ಕಟ್ಟಿದ್ದಾರೆ. ಬ್ಲ್ಯಾಕ್‌ಟೌನ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಅಹಲ್ಯಾಗೆ ಅದು ತಿಳಿದದ್ದು ಪಕ್ಕದ ಬೆಂಚಿನ ಗಂಡ ಹೆಂಡತಿಯ ಕನ್ನಡ ಮಾತಿನಿಂದ. ಗಂಡನೇ ಕುಸ್ತಿಯವನು.

“ಇವತ್ತೂ ನಾನೇ ಸೋಲ್ಬೇಕಂತೆ ಶ್ರದ್ಧಾ.”

“ಜನ ನಿಮ್ಮ ಹೆಸರೇ ಕೂಗುದಲ್ವಾ?”

“ಗೆಲ್ಲುದು ಯಾರಂತ ಮ್ಯಾನೇಜರ್ ಮೊದಲೇ ಹೇಳ್ತಾನೆ. ಚಾಂಪಿಯನ್ ಪೋಸ್ಟರಿಗೆ ನನ್ನ ಬಣ್ಣ ಆಗುದಿಲ್ಲಂತೆ. ನಂಗೆ ಹಾವಾಡಿಗನ ವೇಷ, ಪೇಟ, ರಬ್ಬರ್ ಹಾವು.”

“ಹಾವು ಬ್ಯಾಗಲ್ಲಿಲ್ಲ. ಅತ್ತೆ ಅರಿಶಿನ ಹಚ್ಚಿ ದೇವರ ಹತ್ರ ಇಟ್ಟಿದ್ದಾರೆ. ಬೆಳಿಗ್ಗೆ ಹಾಲೂ ಎರೆದ್ರು.”

“ರಬ್ಬರಿಗಾ?”

“ನಾಗ ಯಾವತ್ತೂ ನಾಗನೇ ಅಂತೆ ಮಾರಾಯ್ರೆ.”

ಅಷ್ಟರಲ್ಲಿ ಮ್ಯಾನೇಜರನ ಫೋನ್ ಬಂತು. ಗಂಡ ರೈಲು ಹತ್ತುತ್ತಾ ಇಂಗ್ಲಿಷಿನಲ್ಲಿ ಹೇಳಿದ: “ಹಾವು ಬರುವುದಿಲ್ಲ, ಅದೀಗ ದೇವರು. ಇವತ್ತು ನಾನೂ ಬೀಳುವುದಿಲ್ಲ.”