ಹಸಿರು ಮಣಿಯ ಮುದುಕ

ಕಾರ್ತಿಕದ ಮಳೆ ಅಂದು ಸಂಜೆ ಹೊಯ್ದ ಹೊಡೆತಕ್ಕೆ ಹೊಸೂರಿನ ಪಕ್ಕದ ಅವಲಪಲ್ಲಿಯಲ್ಲಿ ಕರೆಂಟು ಹೋಯಿತು, ಬಸ್ಸೂ ಬರಲಿಲ್ಲ. ಕಾರ್ಖಾನೆಯಿಂದ ಹೊರಟಿದ್ದ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಮುತ್ತರಾಯಪ್ಪ, ನೆನೆದ ಕೋಳಿಗಳ ಹಾಗೆ ಅಶ್ವತ್ಥಮ್ಮನವರ ಜಗಲಿ ಹತ್ತಿದೆವು. ಎದುರುಮನೆಯ ಗೋವಿಂದಮ್ಮ ಆಗಲೇ ಅಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ಅಶ್ವತ್ಥಮ್ಮನವರು ಲಾಟೀನಿನ ಬತ್ತಿ ಏರಿಸಿ, ಕಾಲು ಚಾಚಿ ಕೂತರು. ಇದು ಎಂಬತ್ತೊಂಬತ್ತರ ಮಾತು. ಅವರ ಮಗ ಚನ್ನಕೇಶವ ಹಿಂದೊಮ್ಮೆ ಮೆಕ್ಸಿಕೊಗೆ ಹೋಗಿ ಬಂದಿದ್ದನೆಂದು ಊರಿಗೆಲ್ಲ ಗೊತ್ತಿತ್ತು. ಅವನ ಹಿಂದೆಯೇ ಅಲ್ಲಿಂದ ಯಾರು ಬಂದರೆಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ.

"ಎಂಬತ್ತೊಂದನೇ ಇಸ್ವೀಲಿ ಕಣ್ರಪ್ಪಾ... ಯಾವ್ದೋ ಮಿಷಿನ್ ಕಲ್ತ್ಕಂಡ್ ಬಾ ಅಂತ ನನ್ ಮಗನ್ನ ಕಂಪ್ನಿಯೋರು ಕಳ್ಸಿದ್ರು. ಅಷ್ಟ್ ದೂರ ಹೋದೋನು ತಾಯ್ಗೆ ಒಂದೆಳೆ ಚಿನ್ನ ತರಲ್ವಾ ಅಂತ ನಾನು ಕಾಯ್ಕಂಡ್ ಕುಂತಿದ್ರೆ, ತಂದಿದ್ದೇನು? ಇಗೋ, ಈ ಅವರೆಕಾಳ್ನಷ್ಟು ದಪ್ಪದ ಒಂದು ಹಸ್ರು ಮಣಿ! 'ಅವ್ವಾ, ಇದು ಜೇಡ್ ಕಲ್ಲು, ಸಾವ್ರಾರು ವರ್ಷದ್ದು. ಆ ಕಾಲ್ದಾಗೆ ಅಲ್ಲಿಯೋರ್ಗೆ ಚಿನ್ನಕ್ಕಿಂತ ಇದೇ ಮೇಲು. ಜೋಳದ್ ಎಲೆ ಬಣ್ಣ, ನೀರಿನ್ ಬಣ್ಣ... ಮನುಷನ್ ಉಸ್ರೇ ಇದ್ರೊಳ್ಗೈತೆ ಅಂತಿದ್ರು' ಅಂದ. ಆಮೇಲೆ ಮೆಲ್ಲುಗೆ, 'ದೊಡ್ಡೋರು ಸತ್ರೆ ಹೆಣದ್ ಬಾಯ್ಗೆ ಇಡ್ತಿದ್ರು' ಅಂದ. ಅಷ್ಟೊತ್ಗೆ ನಾನದನ್ನ ದೇವ್ರ ಗೂಡಲ್ಲಿಟ್ಟು ಅರಿಸ್ನ ಕುಂಕ್ಮ ಹಚ್ಚಾಗಿತ್ತು!"

ಗೋವಿಂದಮ್ಮ ಕಿಸಕ್ಕನೆ ನಕ್ಕಳು.

"ನಗು, ನಗು... ಮಾರ್ನೇ ದಿನ ಮಟಮಟ ಮಧ್ಯಾಹ್ನ, ಹಿತ್ಲಲ್ಲಿ ಮುಸ್ರೆ ತಿಕ್ತಾ ತಲೆ ಎತ್ತಿದ್ರೆ, ಎದ್ರುಗೆ ಒಬ್ಬ ಮುದ್ಕ ನಿಂತವ್ನೆ. ಹಣೆ ಹಿಂದಕ್ಕೆ ಜಾರ್ಕಂಡೈತೆ, ಕಿವೀಲಿ ಹೆಬ್ಬೆಟ್ಟು ತೂರೋವಂಥ ತೂತು, ಸೊಂಟಕ್ಕೊಂದು ತುಂಡು ಬಟ್ಟೆ. ಬಾಯಿ ಮಾತ್ರ 'ಆ' ಅಂತ ಬಿಟ್ಕಂಡವ್ನೆ, ಮುಚ್ಚಕ್ಕೇ ಆಗಾಕಿಲ್ಲ. ಅವನ್ ಮೈಯೊಳ್ಗಿಂದ ಹಿಂದಿನ್ ನುಗ್ಗೇಮರ ಕಾಣ್ತೈತೆ! ಮುಸ್ರೆ ಅಲ್ಲೇ ಬುಟ್ಟು ನಾಕ್ ಹೆಜ್ಜೆ ಹಿಂದಕ್ಕೋದೆ. 'ಯಾರಪ್ಪಾ ನೀನು?' ಅಂದೆ. 'ಯಾರುಪ್ಪಾ ನೀ?' ಅಂತ ತಮಿಳ್ನಾಗೆ ಕೇಳ್ದೆ. 'ಎವರಯ್ಯಾ ನುವ್ವು?' ಅಂತ ತೆಲುಗ್ನಾಗೂ ಕೇಳ್ದೆ. ಊಹೂಂ! ನಮ್ ಹೊಸೂರಲ್ಲಿ ಮೂರೂ ಬರ್ದಿರೋ ದೆವ್ವಾನ ಎಲ್ಲಾದ್ರೂ ಕಂಡಿದೀರಾ ನೀವು?

"ಆಮೇಲೆ ಹೊಳೀತು... ನಾವೂ ಹೆಣದ್ ಬಾಯ್ಗೆ ಅಕ್ಕಿ ಹಾಕ್ತೀವಲ್ವಾ? ಈವಯ್ಯನ್ ಬಾಯಿಂದ ಯಾರೋ ಮಣಿ ಕಿತ್ಕಂಡವ್ರೆ. ಅದ್ನೇ ಹುಡುಕ್ಕಂಡು ಸಮುದ್ರ ದಾಟ್ ಬಂದವ್ನೆ. ಭಯ ಹೋಗಿ ಅಯ್ಯೋ ಪಾಪ ಅನ್ನುಸ್ತು. ಒಂದಿಡಿ ಅಕ್ಕಿ ತಂದು ಬಾಯ್ಗೆ ಹಾಕ್ದೆ. ಅದು ಬೆನ್ನಿಂದಾಚೆ ಉದ್ರೋಯ್ತು, ಕೋಳಿಗಳು ತಿಂದ್ವು.

"ಸಂಜೆ ಮಗಂಗೆ, 'ಅವಂದು ಅವಂಗೆ ಕೊಟ್ಬುಡ್ಲಾ' ಅಂದೆ. 'ಅವ್ವಾ, ಇದ್ನ ನೋಡಕ್ಕೇಂತ ಕೃಷ್ಣಗಿರಿಯಿಂದ ಶ್ಯಾಮಣ್ಣನೋರು ಬತ್ತಾವ್ರೆ. ಹಳೇ ವಸ್ತು ಕೂಡಿಡೋರ್ನಾಗೆ ಅಂಥೋರಿಲ್ಲ. ಅವ್ರು ನಮ್ಮಂಥೋರ್ ಹೊಸ್ಲು ತುಳೀತಾರೆ ಅಂದ್ರೆ ಸುಮ್ಕೇನಾ?' ಅಂತ ಕಣ್ಣಲ್ ನೀರಾಕ್ಕಂಡ. ತಾಯಿ ಕರ್ಳು... ಆಗ್ಲಿ ಬುಡು ಅಂದೆ.

"ಬಂದ್ರು ಶ್ಯಾಮಣ್ಣ. ದೊಡ್ ಮಾವಿನ್ ತೋಪಿನ್ ಯಜಮಾನ್ರು, ಅಂಬಾಸಿಡರ್ ಕಾರು. ಮಣೀನ ಬೆಳಕ್ಗೆ ಹಿಡಿದು ನೋಡಿದ್ರು. 'ಇಂಥಾದ್ದು ಇಡೀ ಮದ್ರಾಸ್ನಾಗಿಲ್ಲ ಕಣಪ್ಪಾ! ಆದ್ರೆ ಅಸ್ಲೀನಾ, ನಕ್ಲೀನಾ? ಅಸ್ಲಿ ಆದ್ರೆ ನಾಲ್ಗೆ ಮೇಲಿಟ್ರೂ ತಣ್ಣುಗಿರ್ತದೆ' ಅಂತ ನಾಲ್ಗೆ ಮೇಲಿಟ್ಕಂಡ್ರು. ಅಷ್ಟೇ ನೋಡು... ಮುದ್ಕ ಗೋಡೆಯೊಳ್ಗಿಂದ ಬಂದು, ಅವ್ರ್ ಮೂಗಿಗೆ ಮೂಗು ತಾಗ್ಸಿ 'ಆ' ಅಂದ. ಶ್ಯಾಮಣ್ಣ ಗುಳುಕ್ ಅಂತ ನುಂಗ್ಬುಟ್ರು! ನನ್ ಮಗ 'ಅಯ್ಯೋ ನನ್ ಮಣಿ' ಅಂದ, ಅವ್ರು 'ಅಯ್ಯೋ ನನ್ ಪ್ರಾಣ' ಅಂತ ಕಾರಿಗೆ ಓಡಿದ್ರು. ಅವ್ರ್ಗಿಂತ ಮೊದ್ಲೇ ಮುದ್ಕ ಹಿಂದಿನ್ ಸೀಟಲ್ಲಿ ಕುಂತಿದ್ದ."

"ಮಣಿ ಆಚೆ ಬರ್ಲಿಲ್ವಾ ಅಜ್ಜಿ?" ಮುತ್ತರಾಯಪ್ಪ ನಗು ತಡೆದು ಕೇಳಿದ.

"ಬಾಳೆಹಣ್ಣಾಯ್ತು, ಹರಳೆಣ್ಣೆ ಆಯ್ತು... ಬರ್ಲಿಲ್ಲ ಕಣ್ಲಾ. ಶ್ಯಾಮಣ್ಣ ಬಾಯಿ ತೆಗುದ್ರೆ ಸಾಕು, ಮುದ್ಕ ಬಗ್ಗಿ ಒಳುಗ್ ಇಣುಕೋನಂತೆ. ಪಾಪ, ಗೋಡೆ ಕಡೆ ತಿರುಗ್ಕಂಡು ಉಣ್ಣೋರು, ತುಟಿ ಬಿಚ್ಚಿ ಮಾತೇ ಆಡ್ತಿರ್ಲಿಲ್ಲ. 'ಮದ್ವೆ ಆದಾಗ್ಲಿಂದ ಈ ಮನೇಲಿ ಇಷ್ಟ್ ನೆಮ್ಮದಿ ಕಂಡಿರ್ಲಿಲ್ಲ' ಅಂದ್ಳಂತೆ ಹೆಂಡ್ತಿ. ನನ್ ಮಗಾನೂ ಮಣಿ ಚಿಂತೆ ಬುಟ್ಟು ಸ್ಟಾಂಪ್ ಕೂಡಿಡಕ್ಕೆ ಸುರು ಮಾಡ್ದ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಶ್ವತ್ಥಮ್ಮನವರು ನಗಲಿಲ್ಲ. ಮಳೆಯನ್ನೇ ನೋಡುತ್ತ ಲಾಟೀನಿನ ಬತ್ತಿ ತಗ್ಗಿಸಿದರು.

"ಹೋದ್ವರ್ಸ ತೀರ್ಕಂಡ್ರು ಶ್ಯಾಮಣ್ಣ. ಬಾಯ್ ತೆರೀದಂಗೆ ಬಿಗಿಯಾಗಿ ಬಟ್ಟೆ ಕಟ್ಟಿ, ತೋಪಲ್ಲೇ ಮಣ್ಣು ಮಾಡಿದ್ರು. ಮಣಿ ಅಲ್ಲೇ, ಅವ್ರ್ ಹೊಟ್ಟೇಲೇ ಹೋಯ್ತು ಅಂತ ಆ ಮುದ್ಕಂಗೆ ಹೇಳೋರ್ ಯಾರು? ಯಾವ್ ಭಾಷೇಲಿ ಹೇಳೋದು? ಈಗ್ಲೂ ಹುಡುಕ್ತಾನೇ ಅವ್ನೆ... ಒಂದೊಂದೇ ಬಾಯಿ. ನೀವು ಬಾಯ್ ಬಿಟ್ಕಂಡ್ ಮಲ್ಗಿರ್ತೀರಲ್ಲ, ಇದ್ದಕ್ಕಿದ್ದಂಗೆ ಗಂಟ್ಲೊಳ್ಗೆ ತಣ್ಣುಗಾಗಿ ಎಚ್ರ ಆಗ್ತದಲ್ಲ... ಅದು ಬರೀ ಗಾಳಿ ಅಂದ್ಕಂಡಿದ್ರಾ?"