ಉಪ್ಪಿಗೆ ಹಾಕಿದ ನಾಯಿತಲೆ

...ಒಂದಲ್ಲ ಮಾರಾಯ, ಹದಿನಾಲ್ಕು! ಅದೂ ಹೊಟ್ಟೆಗೆ! ನೀನು ಡಾಕ್ಟ್ರು ಕೈಗೊಂದು ಸೂಜಿ ಚುಚ್ಚಿದ್ದಕ್ಕೆ ಇಷ್ಟು ಕೂಗ್ತೀಯಲ್ಲ. ನಾನಾಗ ಐದು ತಿಂಗಳ, ಅಲ್ಲ, ಆರು ತಿಂಗಳ ಬಸುರಿ. ಅರವತ್ತನೇ ಇಸವಿಯ ಆಚೆ ಈಚೆ, ವೇಣೂರಿನ ಮನೆ. ಅಂಗಳದಲ್ಲಿ ಭತ್ತ ಹರಡ್ತಾ ಇದ್ದೆ, ಎಲ್ಲಿಯದೋ ನಾಯಿ ಬಂದು ಕಾಲಿಗೆ ಬಾಯಿ ಹಾಕಿತು. ಆಳುಗಳು ಅಲ್ಲೇ ಹೊಡೆದು ಹಾಕಿದ್ರು. ಬೆಳ್ತಂಗಡಿಯ ಡಾಕ್ಟ್ರು ಹೇಳಿದ್ರು, "ನಾಯಿಯ ತಲೆಯನ್ನು ಐಸಲ್ಲಿಟ್ಟು ಮಂಗಳೂರಿಗೆ ಕಳಿಸಿ. ಮಿದುಳಿನ ಚೂರನ್ನು ಗಾಜಿಗೆ ಒತ್ತಿ, ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಕೆಂಪು ಚುಕ್ಕೆ ಕಂಡ್ರೆ ನಾಯಿಗೆ ಹುಚ್ಚು. ಸೂಜಿ ಮಾತ್ರ ಇವತ್ತೇ ಸುರು ಮಾಡುವ." ನಾನು ಬಿಡ್ಬೇಕಲ್ಲ! "ಹೊಟ್ಟೆಗಾ? ಒಳಗೆ ಮಗು ಉಂಟು ಡಾಕ್ಟ್ರೇ! ಮೊದಲು ಉತ್ತರ ಬರ್ಲಿ." ಅದಕ್ಕಿಂತ ಮೊದಲಿನ ಎರಡು ಮಕ್ಕಳು ಉಳಿದಿರ್ಲಿಲ್ಲ ನೋಡು, ಹೆದರಿಕೆ ನನಗೆ.

ಐಸು ಎಲ್ಲಿಂದ ತರುದು? ನಾನೇ ಹೇಳಿದೆ, "ಉಪ್ಪಿಗೆ ಹಾಕುವ." ಹಲಸಿನ ಸೊಳೆ ಉಪ್ಪಿಗೆ ಹಾಕುದ್ರಲ್ಲಿ ನನ್ನನ್ನು ಮೀರಿಸುವವರು ಊರಲ್ಲೇ ಇರ್ಲಿಲ್ಲ, ಗೊತ್ತುಂಟಾ? ವರ್ಷ ಕಳೆದ್ರೂ ಕೆಡುದಿಲ್ಲ. ಬಾಯಿ ಒಡೆದ ಭರಣಿಯಲ್ಲಿ ಅಡಿಗೆ ಉಪ್ಪು, ತಲೆ, ಮೇಲೆ ಪುನಃ ಉಪ್ಪು, ಭಾರಕ್ಕೆ ಒಂದು ಕಲ್ಲು. ನಿನ್ನ ಅಜ್ಜ ಅದನ್ನು ತೊಡೆ ಮೇಲಿಟ್ಟು ಬಸ್ಸಲ್ಲಿ ಕೂತದ್ದು. ಕಂಡಕ್ಟರ್ ಭರಣಿ ನೋಡಿ, "ಸೊಳೆಯಾ ಅಣ್ಣ? ನನಗೂ ನಾಲ್ಕು ಕೊಡಿ!" ಇವರು ಬೆವರಿ, "ಇಲ್ಲ ಇಲ್ಲ, ಇದು ಹಾಳಾಗಿದೆ" ಅಂದ್ರಂತೆ.

ನಿಜಕ್ಕೂ ಹಾಳೇ ಆಗಿತ್ತು! ಸಂಜೆ ಇವರು ಮುಖ ಸಣ್ಣ ಮಾಡಿ ಬಂದ್ರು. "ಮಂಗಳೂರಿನವರು ಬೈದ್ರು ಮಾರಾಯ್ತಿ. ಉಪ್ಪು ಮಿದುಳಿನ ನೀರೆಲ್ಲ ಎಳೆದಿದೆಯಂತೆ. ಹುಚ್ಚು ಇತ್ತೂಂತ ಹೇಳ್ಲಿಕ್ಕೂ ಆಗುದಿಲ್ಲ, ಇರ್ಲಿಲ್ಲಾಂತಲೂ ಆಗುದಿಲ್ಲ." ಯಾರನ್ನು ಬೈಯುದು? ಉಪ್ಪು ಹಾಕಿದ್ದು ನಾನೇ ಅಲ್ವಾ! ಬೆಳಿಗ್ಗೆ ಮೊದಲ ಬಸ್ಸಿಗೆ ಬೆಳ್ತಂಗಡಿಗೆ ಹೋದೆ. ಡಾಕ್ಟ್ರು ಮೆಲ್ಲ ಹೇಳಿದ್ರು, "ಸೂಜಿ ಹೋಗುದು ಚರ್ಮದ ಅಡಿಗೆ, ಮಗುವಿಗಲ್ಲಮ್ಮ. ನೀವೇ ಇಲ್ಲದಿದ್ರೆ ಮಗು ಎಲ್ಲಿ?" ಸೆರಗು ಸರಿಸಿ ಮಲಗಿದೆ. "ಹಾಕಿ" ಅಂದೆ.

ಹದಿನಾಲ್ಕು ದಿನ, ಒಂದೂ ತಪ್ಪಿಸ್ಲಿಲ್ಲ. ಆ ನಾಯಿಗೆ ಹುಚ್ಚು ಇತ್ತಾ ಇಲ್ವಾ, ಇವತ್ತಿಗೂ ಗೊತ್ತಿಲ್ಲ. ಹೊಟ್ಟೆಯಲ್ಲಿದ್ದವನು ಅಕೋ, ನಿನ್ನಪ್ಪ, ಚಾ ಆಯ್ತಾಂತ ಬೊಬ್ಬೆ ಹಾಕ್ತಾ ಇದ್ದಾನೆ. ನಾಯಿ ಕಚ್ಚಿದ್ರೆ ಸಾಬೂನು ಹಾಕಿ ತೊಳೆ, ಸೂಜಿಗೆ ಓಡು, ಉತ್ತರ ಬೇಕಾದ್ರೆ ಆಮೇಲೆ ಬರ್ಲಿ. ಉಪ್ಪು ಸೊಳೆಗೆ ಮಾತ್ರ. ಏಳು, ಅವನಿಗೆ ಚಾ ಕೊಟ್ಟು ಬಾ.